ಕಾದ ಸೀಸ
(ಬಾನುಲಿ ಭಾಷಣ)

ಲೋಹಗಳ ಪಂಕ್ತಿಯಲ್ಲಿ ಸೀಸಕ್ಕೆ ಮರ್ಯಾದೆಯ ಮಣೆ ದೊರೆತದ್ದು ಅಪರೂಪ. ಬಂಗಾರಕ್ಕೆ ಬಣ್ಣವುಂಟು, ಬೆಳ್ಳಿಗೆ ಬೆಳಗುಂಟು, ಕಂಚಿಗೆ ನಾದವುಂಟು. ಸೀಸವನ್ನು ಬಡಿದರೆ ನಾದವಿಲ್ಲ, ದಪ್ಪೆಂಬ ಒಂದು ಮಂಕು ಸದ್ದು ಮಾತ್ರ. ಹೊಸದಾಗಿ ಕೊಯ್ದ ಮುಖ ಒಂದು ಗಳಿಗೆ ಮಿಂಚಿ, ಗಾಳಿ ತಾಗಿದೊಡನೆ ಬೂದಿಬಣ್ಣಕ್ಕೆ ತಿರುಗುತ್ತದೆ. ಯಾರೂ ಅದನ್ನು ಕೊರಳಿಗೆ ಹಾಕಿಕೊಳ್ಳುವುದಿಲ್ಲ, ಯಾರೂ ಅದರ ಮೂರ್ತಿಯನ್ನು ದೇವರ ಕೋಣೆಯಲ್ಲಿ ಇಡುವುದಿಲ್ಲ. ಆದರೆ ಒಂದು ಗುಣದಲ್ಲಿ ಅದು ಉಳಿದವುಗಳನ್ನು ಹಿಂದಿಕ್ಕುತ್ತದೆ. ಅದು ಬಡವನ ಒಲೆಯಲ್ಲಿಯೂ ಕರಗುತ್ತದೆ. ಕಬ್ಬಿಣವನ್ನು ಕರಗಿಸುವುದಕ್ಕೆ ಕುಲುಮೆ, ತಿದಿ, ಇದ್ದಿಲು, ಕಸುಬುದಾರ ಎಲ್ಲವೂ ಬೇಕು. ಸೀಸಕ್ಕೆ ಜಾಲಿಯ ಕಟ್ಟಿಗೆಯ ಉರಿ ಸಾಕು. 327 ಡಿಗ್ರಿ ಸೆಲ್ಸಿಯಸ್ ಕಾವಿಗೆ ಅದು ನೀರಾಗುತ್ತದೆ. ಹೀಗಾಗಿ ಅದು ಒಂದು ರೂಪದಲ್ಲಿ ನಿಂತದ್ದಿಲ್ಲ. ಕರಗುತ್ತ, ಆರುತ್ತ, ಮತ್ತೆ ಕರಗುತ್ತ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಲೇ ಇರುತ್ತದೆ. ಆ ಕೈಗಳ ಕಥೆಯನ್ನು ಇಂದು ಸ್ವಲ್ಪ ಹೇಳಬೇಕೆಂದಿದ್ದೇನೆ.

ಭಾಷೆಯ ಮೇಷ್ಟರಾದವರಿಗೆ ವಸ್ತುವಿಗಿಂತ ಮೊದಲು ಶಬ್ದ ಕಣ್ಣಿಗೆ ಬೀಳುತ್ತದೆ. ಸೀಸ ಸಂಸ್ಕೃತದಿಂದ ಬಂದ ಮಾತು. ನಾವು ಎಣ್ಣೆ ತರುವ ಸೀಸೆ ಬೇರೆ, ಅದು ಪಾರಸಿಯ ಕಡೆಯಿಂದ ಬಂದ ಗಾಜಿನ ಮಾತು. ಎರಡೂ ಕನ್ನಡದಲ್ಲಿ ನೆರೆಮನೆಯವರಾಗಿ ಕುಳಿತು ಮಕ್ಕಳನ್ನು ಗಲಿಬಿಲಿಗೊಳಿಸುತ್ತವೆ. ಶಾಲೆಯ ಮಕ್ಕಳು ಹಿಡಿಯುವ ಸೀಸದಕಡ್ಡಿಯಲ್ಲಿಯಾದರೋ ಸೀಸದ ಸುಳಿವೇ ಇಲ್ಲ, ಅದು ಗ್ರಾಫೈಟ್ ಎಂಬ ಇಂಗಾಲದ ರೂಪ. ಹೆಸರು ತಪ್ಪಿದ್ದರಿಂದ ಆ ಮಕ್ಕಳು ಬದುಕಿಕೊಂಡರು ಎನ್ನಬೇಕು, ಏಕೆಂದರೆ ಕಡ್ಡಿಯನ್ನು ಕಚ್ಚದ ಮಗು ಯಾವುದು?

ಇನ್ನೊಂದು ಮಾತುಂಟು. ಸಹಿಸಲಾಗದ ನುಡಿಯನ್ನು ಕೇಳಿದಾಗ ಕಿವಿಗೆ ಕಾದ ಸೀಸ ಹೊಯ್ದಂತಾಯಿತು ಎನ್ನುತ್ತೇವೆ. ಇದು ಬರಿಯ ಉಪಮೆಯಾಗಿ ಹುಟ್ಟಿದ್ದಲ್ಲ. ಗೌತಮ ಧರ್ಮಸೂತ್ರದಲ್ಲಿ, ವೇದವನ್ನು ಕೇಳಿದ ಶೂದ್ರನ ಕಿವಿಗೆ ಕರಗಿದ ಲೋಹವನ್ನೂ ಅರಗನ್ನೂ ತುಂಬಬೇಕೆಂಬ ದಂಡನೆ ಹೇಳಿದೆ. ಮೂಲದಲ್ಲಿರುವ ಶಬ್ದ ತ್ರಪು. ಅದು ತವರಕ್ಕೆ ಸಲ್ಲುವ ಹೆಸರು. ಜನರ ಬಾಯಲ್ಲಿ ತವರ ಹಿಂದೆ ಸರಿದು ಸೀಸ ನಿಂತಿತು. ಆ ದಂಡನೆಯನ್ನು ಎಷ್ಟು ಸಲ ನಡೆಸಿದರೋ ಅದು ಬೇರೆಯ ವಿಚಾರ, ಬರೆದಿಟ್ಟದ್ದಂತೂ ನಿಜ. ಅಕ್ಷರವನ್ನು ಯಾರು ಕೇಳಬಾರದೆಂದು ಹೇಳಲು ಒಂದು ಕಾಲ ಕರಗಿದ ಲೋಹವನ್ನು ನೆನೆಯಿತು. ಇನ್ನೊಂದು ಕಾಲ ಅದೇ ಲೋಹವನ್ನು ಕರಗಿಸಿ ಅಕ್ಷರವನ್ನೇ ಎರಕ ಹೊಯ್ದು ಬೀದಿಬೀದಿಗೆ ಹಂಚಿತು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ನನಗೆ ಈ ಲೋಹದ ನೆನಪು ಮತ್ತೆ ಬಂದದ್ದು ನಮ್ಮ ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿಯ ಕಡೆಗೆ ಹೋಗುವ ದಾರಿಯಲ್ಲಿ. ಗಾಡಿಯ ಗಾಲಿ ಪಂಕ್ಚರ್ ಆಗಿ, ಒಂದು ಟೈರಿನ ಅಂಗಡಿಯ ಮುಂದೆ ಕೂಡ್ರಬೇಕಾಯಿತು. ಅಲ್ಲೊಂದು ಹಳೆಯ ಎಣ್ಣೆಯ ಡಬ್ಬಿ. ಅದರ ತುಂಬ ಬೆರಳಿನಷ್ಟುದ್ದದ ಬೂದಿಬಣ್ಣದ ಬಿಲ್ಲೆಗಳು. ಇದೇನಪ್ಪಾ ಎಂದು ಕೇಳಿದೆ. "ವೇಟು ಸರ. ಗಾಲಿಗೆ ಹಚ್ಚತೀವಲ್ರೀ, ಅವು. ಹಳೇವು ಕೆತ್ತಿ ಇದರಾಗ ಒಗಿತೀನಿ. ಡಬ್ಬಿ ತುಂಬಿತಂದ್ರ ಹೊಳೀ ಕಡೆಯವ್ರು ಬಲಿಗೆ ಅಂತ ಒಯ್ತಾರ್ರೀ" ಎಂದ ಹುಡುಗ. ಡಬ್ಬಿಯನ್ನು ಎತ್ತಲು ಹೋದೆ, ಅದು ಜಗ್ಗಲಿಲ್ಲ. ನೀರಿಗಿಂತ ಹನ್ನೊಂದು ಪಟ್ಟು ಮಿಕ್ಕಿ ತೂಗುವ ಪದಾರ್ಥವೆಂಬುದು ಪುಸ್ತಕದಲ್ಲಿ ಓದಿದಾಗ ಒಂದು ಅಂಕಿ, ಕೈಗೆ ಬಂದಾಗ ಬೇರೆಯ ತಿಳಿವಳಿಕೆ.

ಮೋಟಾರಿನ ಗಾಲಿ ವೇಗದಲ್ಲಿ ತಿರುಗುವಾಗ ಒಂದು ಮಗ್ಗುಲು ನಾಲ್ಕೈದು ಗ್ರಾಂ ಹೆಚ್ಚು ತೂಗಿದರೂ ಗಾಡಿ ನಡುಗುತ್ತದೆ. ಅದನ್ನು ಸರಿದೂಗಿಸಲು ಎದುರು ಮಗ್ಗುಲಿಗೆ ಬಿಲ್ಲೆ ಸಿಕ್ಕಿಸುತ್ತಾರೆ. ನಮ್ಮ ಎತ್ತಿನ ಬಂಡಿಗೆ ಈ ಚಿಂತೆಯಿರಲಿಲ್ಲ. ಅದರ ವೇಗಕ್ಕೆ ಯಾವ ಗಾಲಿಯೂ ಸಮತೂಕದ್ದೇ. ಚಿಕ್ಕದಾಗಿರಬೇಕು, ಭಾರವಾಗಿರಬೇಕು, ಗಾಲಿಯ ಅಂಚಿಗೆ ಬಾಗಿ ಒಗ್ಗಬೇಕು ಎಂದಾಗ ಸೀಸಕ್ಕೆ ಸಮನಾದದ್ದು ಸಿಗುವುದು ಕಷ್ಟ. ಆದರೆ ಬಿಲ್ಲೆಗಳು ರಸ್ತೆಯ ಮೇಲೆ ಉದುರಿ, ಗಾಲಿಗಳ ಕೆಳಗೆ ಅರೆದು ಧೂಳಾಗುತ್ತವೆ. ಅದಕ್ಕಾಗಿ ಯುರೋಪಿನ ಒಕ್ಕೂಟ 2005ರ ಜುಲೈಯಿಂದ ಹೊಸ ಕಾರುಗಳಲ್ಲಿ ಅವನ್ನು ನಿಷೇಧಿಸಿತು. ಈಗ ಸತುವಿನವೂ ಕಬ್ಬಿಣದವೂ ಬಂದಿವೆ. ಹೀಗಾಗಿ ಒಂದೇ ಡಬ್ಬಿಯಲ್ಲಿ ಮೂರು ಜಾತಿಯವು ಕಲೆತಿರುತ್ತವೆ.

ಅವನ್ನು ಬೇರ್ಪಡಿಸುವುದರಲ್ಲಿ ಒಂದು ಕಸುಬು ಇದೆ. ಕಬ್ಬಿಣದ್ದನ್ನು ಅಯಸ್ಕಾಂತ ತಾನೇ ಎತ್ತಿಕೊಳ್ಳುತ್ತದೆ. ಸತುವಿನದನ್ನು ಕಲ್ಲಿನ ಮೇಲೆ ಒಗೆದರೆ ಕಿಣ್ ಎನ್ನುತ್ತದೆ, ಇಕ್ಕಳದ ಹಲ್ಲು ಅದಕ್ಕೆ ನಾಟುವುದಿಲ್ಲ. ಸೀಸದ್ದು ದಪ್ಪೆಂದು ಬೀಳುತ್ತದೆ, ಇಕ್ಕಳಕ್ಕೆ ಬೆಣ್ಣೆಯಂತೆ ಮಣಿಯುತ್ತದೆ. ಸೀಸದವುಗಳಲ್ಲಿಯೂ ಎರಡು ಬಗೆ. ಅಂಟಿಸುವ ಬಿಲ್ಲೆ ಹೆಚ್ಚು ಕಡಿಮೆ ಶುದ್ಧ ಸೀಸ, ಮೆತ್ತಗಿನದು. ಕಬ್ಬಿಣದ ಕೊಕ್ಕೆಯಿಂದ ಸಿಕ್ಕಿಸುವ ಬಿಲ್ಲೆಯಲ್ಲಿ ನೂರಕ್ಕೆ 95ರಷ್ಟು ಸೀಸ, ಎರಡರಿಂದ ನಾಲ್ಕು ಭಾಗ ಆಂಟಿಮನಿ, ಚೂರು ತವರ ಇರುವುದು ವಾಡಿಕೆ. ಆಂಟಿಮನಿ ಎಂದರೆ ಹಿಂದಿನವರು ಸುರಮಾ ಮಾಡಿ ಕಣ್ಣಿಗೆ ಹಚ್ಚುತ್ತಿದ್ದ ಕಪ್ಪು ಪುಡಿಯ ತಾಯಿಲೋಹ. ಸೀಸದಲ್ಲಿ ಅದು ಚೂರು ಬೆರೆತರೆ ಸಾಕು, ಸೀಸ ಗಡಸಾಗುತ್ತದೆ.

ಕರಗಿಸುವ ಕ್ರಮ ಹೀಗೆ. ದಪ್ಪ ಕಬ್ಬಿಣದ ಕಡಾಯಿ ಬೇಕು; ಅಲ್ಯೂಮಿನಿಯಂ ಪಾತ್ರೆ ಕಾವಿಗೆ ಬಲಗುಂದಿ ತಳ ಬಿಟ್ಟೀತು. ಬಿಲ್ಲೆಗಳು ಒಣಗಿರಬೇಕು. ಕರಗಿದ ಸೀಸದ ಒಳಗೆ ಒಂದು ಹನಿ ನೀರು ಸಿಕ್ಕಿಕೊಂಡರೆ ಅದು ಆವಿಯಾಗಿ ಸಿಡಿದು ಇಡೀ ಕಡಾಯಿಯನ್ನು ಮುಖಕ್ಕೆ ಎರಚುತ್ತದೆ. ಉರಿ ನಿಧಾನವಾಗಿರಬೇಕು, ಮತ್ತು ಈ ನಿಧಾನದಲ್ಲಿಯೇ ಜಾಣ್ಮೆಯಿದೆ. ಸೀಸ ಕರಗುವುದು 327ಕ್ಕೆ, ಸತು ಕರಗುವುದು 420ರ ಹತ್ತಿರ. ಆ ನಡುವಣ ಕಾವಿನಲ್ಲಿ ನಿಂತರೆ, ಕಣ್ತಪ್ಪಿ ಬಂದ ಸತುವಿನ ಬಿಲ್ಲೆಯೂ ಕಬ್ಬಿಣದ ಕೊಕ್ಕೆಗಳೂ ಸೀಸಕ್ಕಿಂತ ಹಗುರಾದ್ದರಿಂದ ಮೇಲೆ ತೇಲುತ್ತವೆ. ಕಬ್ಬಿಣ ತೇಲುವುದನ್ನು ನೋಡಬೇಕಾದರೆ ಕರಗಿದ ಸೀಸದ ಕಡಾಯಿಯೊಳಗೆ ಇಣುಕಬೇಕು! ಝಾರಾದಿಂದ ಅವನ್ನು ತೆಗೆದುಬಿಟ್ಟರಾಯಿತು. ಅವಸರಪಟ್ಟು ಉರಿ ಹೆಚ್ಚಿಸಿದರೆ ಸತುವೂ ಕರಗಿ ಬೆರೆಯುತ್ತದೆ. ಆಮೇಲೆ ಆ ಸೀಸ ಒಡೆದ ಹಾಲಿನಂತೆ ಗರಣೆಗಟ್ಟಿ, ಅಚ್ಚಿನ ಮೂಲೆಗಳನ್ನು ತುಂಬಲೊಲ್ಲದು.

ಮೇಲೆ ಬೂದಿಯಂಥ ಕಿಟ್ಟ ಕಟ್ಟುತ್ತದೆ. ಅದೆಲ್ಲವೂ ಹೊಲಸಲ್ಲ. ಗಾಳಿಯೊಡನೆ ಕೂಡಿ ಭಸ್ಮವಾದ ಸೀಸವೂ ತವರವೂ ಅದರಲ್ಲಿರುತ್ತವೆ. ಒಂದು ಚೂರು ಮೇಣವನ್ನೋ ಹಿಡಿಯಷ್ಟು ಒಣ ಕಟ್ಟಿಗೆಯ ಪುಡಿಯನ್ನೋ ಹಾಕಿ ತಿರುವಿದರೆ, ಸುಟ್ಟ ಇಂಗಾಲ ಆ ಭಸ್ಮದಿಂದ ಆಮ್ಲಜನಕವನ್ನು ಕಸಿದುಕೊಂಡು ಲೋಹವನ್ನು ಮತ್ತೆ ಲೋಹವಾಗಿಸುತ್ತದೆ. ತೀರ ಬೆಲೆಯುಳ್ಳ ತವರ ಹೀಗೆ ಉಳಿಯುತ್ತದೆ. ಉಳಿದ ಕಪ್ಪು ಕಿಟ್ಟವನ್ನು ಬಳಿದು ತೆಗೆದರೆ ಕೆಳಗೆ ಕನ್ನಡಿಯಂಥ ಮುಖ. ಅದನ್ನು ಅಚ್ಚಿಗೆ ಹೊಯ್ದು ಗಟ್ಟಿ ಮಾಡುತ್ತಾರೆ. ಹಳೆಯ ಬ್ಯಾಟರಿಯ ಫಲಕಗಳನ್ನು ಮಾತ್ರ ಈ ಕಡಾಯಿಗೆ ಎಂದೂ ಹಾಕಬಾರದು. ಅವುಗಳ ಆಮ್ಲ, ಅವುಗಳಿಂದ ಏಳುವ ವಿಷವಾಯು ಬೇರೆಯೇ ಒಂದು ಅಧ್ಯಾಯ.

ಈ ಗಟ್ಟಿಯನ್ನು ಕೇಳುವವರು ಯಾರು? ನಮ್ಮ ಸೀಮೆಯಲ್ಲಿ ತುಂಗಭದ್ರೆಯ ದಂಡೆಯ ಬೆಸ್ತರು. ಬೀಸುಬಲೆಯ ಅಂಚಿಗೆ ಸೀಸದ ಗುಂಡು ಕಟ್ಟದಿದ್ದರೆ ಬಲೆ ನೀರಿನ ಮೇಲೆ ಸೆರಗಿನಂತೆ ತೇಲುತ್ತದೆ. ಹೊರದೇಶಗಳಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ಈ ಬಿಲ್ಲೆಗಳನ್ನು ಕೂಡಿಹಾಕುವ ಇನ್ನೊಂದು ವರ್ಗವುಂಟು. ತಮ್ಮ ಬಂದೂಕಿಗೆ ತಾವೇ ಗುಂಡು ಎರಕ ಹೊಯ್ದುಕೊಳ್ಳುವ ಹವ್ಯಾಸಿಗಳು ಅವರು. ಶುದ್ಧ ಸೀಸದ ಗುಂಡು ವೇಗ ಹೆಚ್ಚಾದಾಗ ನಳಿಗೆಯ ಒಳಗೋಡೆಗೆ ಮೆತ್ತಿಕೊಳ್ಳುತ್ತದೆ, ಗಾಲಿಯ ಬಿಲ್ಲೆಯ ಮಿಶ್ರಲೋಹ ಅಷ್ಟು ಮೆತ್ತುವುದಿಲ್ಲ. ಗಾಡಿಯ ನಡುಕ ನಿಲ್ಲಿಸಲು ಬೆರೆಸಿದ ಆಂಟಿಮನಿ ಗುಂಡಿಗೂ ಒದಗಿಬಂದಿತು. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಿಗೆಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಆದ್ದರಿಂದ ನಮ್ಮ ಹುಡುಗನ ಡಬ್ಬಿ ಬಲೆಗೆ ಹೋಗುವುದೇ ಸರಿ.

ಗುಂಡಿನ ಮಾತು ಬಂದಿತು. ಗುಂಡನ್ನು ದುಂಡಗೆ ಮಾಡುವುದಕ್ಕೆ ಜನ ಪಟ್ಟ ಪಾಡು ಸಣ್ಣದಲ್ಲ. ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ವಿಲಿಯಂ ವಾಟ್ಸ್ ಎಂಬಾತ 1782ರಲ್ಲಿ ಒಂದು ಉಪಾಯಕ್ಕೆ ಹಕ್ಕುಪತ್ರ ಪಡೆದ. ಎತ್ತರದಿಂದ ಜರಡಿಯ ಮೂಲಕ ಕರಗಿದ ಸೀಸವನ್ನು ಸುರಿದರೆ ಪ್ರತಿ ಹನಿಯೂ ಬೀಳುತ್ತ ಬೀಳುತ್ತ, ಮಳೆಯ ಹನಿಯಂತೆ, ತಾನೇ ದುಂಡಗಾಗಿ ಕೆಳಗಿನ ನೀರಿನಲ್ಲಿ ಆರುತ್ತದೆ. ಆತ ತನ್ನ ಮನೆಯ ಮೇಲೆಯೇ ಗೋಪುರ ಕಟ್ಟಿದ. ಇನ್ನು 1776ರ ಜುಲೈ 9ರಂದು ನ್ಯೂಯಾರ್ಕ್ ನಗರದ ಜನ ಮೂರನೆಯ ಜಾರ್ಜ್ ದೊರೆಯ ಕುದುರೆಯೇರಿದ ಪ್ರತಿಮೆಯನ್ನು ಉರುಳಿಸಿದರು. ಮೇಲೆ ಬಂಗಾರದ ಲೇಪ, ಒಳಗೆ ಸೀಸ. ಅದನ್ನು ಕಡಿದು ಲಿಚ್‌ಫೀಲ್ಡ್ ಎಂಬ ಊರಿಗೆ ಸಾಗಿಸಿ, ಅಲ್ಲಿಯ ಹೆಂಗಸರು ಮಕ್ಕಳು ಸೇರಿ ಕರಗಿಸಿ 42,088 ಗುಂಡುಗಳನ್ನು ಎರೆದರೆಂದು ಲೆಕ್ಕ ಬರೆದಿಟ್ಟಿದ್ದಾರೆ. ದೊರೆಯ ಸೈನ್ಯದ ಮೇಲೆ ದೊರೆಯನ್ನೇ ಹಾರಿಸಿದಂತಾಯಿತು.

ನಮ್ಮ ಕಡೆ ಹೀಗೆ ಎಣಿಸಿ ಬರೆದಿಟ್ಟವರಿಲ್ಲ. ಆದರೆ ಗುಂಡಿನ ಕಥೆ ಈ ನೆಲಕ್ಕೂ ಅಂಟಿದೆ. 1857ರಲ್ಲಿ ಜನರ ಕೈಯಿಂದ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆ ಬಂದಿತು. ಮುಧೋಳದ ಹತ್ತಿರದ ಹಲಗಲಿಯ ಬೇಡರಿಗೆ ಆಯುಧವೆಂದರೆ ಬದುಕು, ಮಾನ ಎರಡೂ. ಅವರು ಒಪ್ಪಿಸಲಿಲ್ಲ. ಆ ವರ್ಷದ ನವೆಂಬರಿನ ಕೊನೆಯಲ್ಲಿ ಊರಿಗೆ ಬೆಂಕಿ ಬಿದ್ದಿತು, ಡಿಸೆಂಬರಿನಲ್ಲಿ ನೇಣು. ಅದರ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರು ಅದೇ ಸರಕಾರದ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ ಎಂಬುದನ್ನು ನಾನು ತರಗತಿಯಲ್ಲಿ ಹೇಳುವಾಗಲೆಲ್ಲ ಹುಡುಗರು ಒಂದು ಕ್ಷಣ ಸುಮ್ಮನಾಗುತ್ತಿದ್ದರು. ಮರುವರ್ಷ ನಮ್ಮ ಮುಂಡರಗಿಯ ಸರದಿ. ಭೀಮರಾಯರೂ ಹಮ್ಮಿಗಿಯ ಕೆಂಚನಗೌಡರೂ ಕೂಡಿಸಿಟ್ಟ ಆಯುಧಗಳು ಹಮ್ಮಿಗಿಯಲ್ಲಿ ಅಧಿಕಾರಿಗಳ ಕಣ್ಣಿಗೆ ಬಿದ್ದು ಮುದ್ರೆಯಾದವು. 1858ರ ಮೇ ಕೊನೆಯ ವಾರದಲ್ಲಿ ಆ ಮುದ್ರೆ ಒಡೆಯಿತು. ಡಂಬಳದ ಖಜಾನೆ ಲೂಟಿಯಾಯಿತು, ಕೊಪ್ಪಳದ ಕೋಟೆ ಅವರ ಕೈಸೇರಿತು. ಜೂನ್ 1ರಂದು ಕೋಟೆ ಬಿದ್ದಿತು, ಭೀಮರಾಯರೂ ಅಲ್ಲಿಯೇ ಬಿದ್ದರು. ನರಗುಂದದ ಬಾಬಾಸಾಹೇಬರನ್ನು ಅದೇ ತಿಂಗಳ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಒಂದು ವಾರದ ರಾಜ್ಯವೆಂದು ಇದನ್ನು ಲಘುವಾಗಿ ಕಾಣುವವರುಂಟು. ಇಷ್ಟು ದೊಡ್ಡ ಸರಕಾರ ಒಂದು ಹಳ್ಳಿಯ ಕೋಣೆಯಲ್ಲಿದ್ದ ಬಂದೂಕುಗಳಿಗೆ ಅಷ್ಟೊಂದು ಹೆದರಿದ್ದೇಕೆ ಎಂದು ಅವರು ಕೇಳಿಕೊಳ್ಳಬೇಕು.

ಇದಕ್ಕೆ ಎದುರಾಗಿ ಕೊಡಗನ್ನು ನೋಡಿ. ಬೇಡರ ಕೈಯಿಂದ ಆಯುಧ ಕಿತ್ತ ಆಳ್ವಿಕೆಯೇ 1861ರಲ್ಲಿ, ಕೊಡವರ ನಿಷ್ಠೆಯನ್ನು ಮೆಚ್ಚಿ, ಅವರಿಗೆ ಆ ಕಾಯಿದೆಯಿಂದ ವಿನಾಯಿತಿ ಕೊಟ್ಟಿತು. ಆ ವಿನಾಯಿತಿ ಸ್ವತಂತ್ರ ಭಾರತದಲ್ಲಿಯೂ ಮುಂದುವರಿದಿದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಅಲ್ಲಿ ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ವಾಡಿಕೆ. ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ. ಕೊಡವರ ಬಗ್ಗೆ ನನಗೆ ಅಸೂಯೆಯಿಲ್ಲ. ಒಂದೇ ನಾಡಿನಲ್ಲಿ, ಮೂರು ನಾಲ್ಕು ವರ್ಷಗಳ ಅಂತರದಲ್ಲಿ, ಒಂದೇ ಲೋಹ ಒಬ್ಬರಿಗೆ ಗೌರವ, ಇನ್ನೊಬ್ಬರಿಗೆ ನೇಣು ಆದದ್ದನ್ನು ಮಾತ್ರ ಹೇಳುತ್ತಿದ್ದೇನೆ.

ಈಗ ಅಕ್ಷರದ ವಿಷಯ. ಅಚ್ಚಿನ ಮೊಳೆಗಳೂ ಇದೇ ಸೀಸ, ಆಂಟಿಮನಿ, ತವರಗಳ ಕೂಟ. ಆದರೆ ಆಂಟಿಮನಿ ಗಾಲಿಯ ಬಿಲ್ಲೆಯಲ್ಲಿರುವುದಕ್ಕಿಂತ ಬಹಳ ಹೆಚ್ಚು. ಆರುವಾಗ ಲೋಹ ಕುಗ್ಗದೆ ಅಕ್ಷರದ ಅಂಚು ಚೂಪಾಗಿ ನಿಲ್ಲುವುದು ಅದರಿಂದ. ಕನ್ನಡಕ್ಕಂತೂ ಇದು ಅಗ್ನಿಪರೀಕ್ಷೆ. ಇಂಗ್ಲಿಷಿನವರಿಗೆ ಇಪ್ಪತ್ತಾರು ಅಕ್ಷರ, ಅವುಗಳ ದೊಡ್ಡದು ಚಿಕ್ಕದು. ನಮಗೆ ಕಾಗುಣಿತ, ಒತ್ತು, ದೀರ್ಘ, ಎಲ್ಲ ಸೇರಿ ನೂರಾರು ಮೊಳೆ. 1841ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1894ರಲ್ಲಿ ಕಿಟ್ಟೆಲರ ನಿಘಂಟು ಹೊರಬಂದಿತು. ಸಾವಿರದ ಏಳುನೂರಕ್ಕೂ ಹೆಚ್ಚು ಪುಟ. ಪ್ರತಿ ಪುಟದ ಪ್ರತಿ ಒತ್ತಕ್ಷರವನ್ನೂ ಯಾರೋ ಒಬ್ಬರು ಬೆರಳಿನಿಂದ ಎತ್ತಿ, ತಲೆಕೆಳಗಾಗಿ, ಎಡಬಲ ಮಾಡಿ ಜೋಡಿಸಿದ್ದಾರೆ. ನಿಘಂಟಿನ ಮುಖಪುಟದಲ್ಲಿ ಅವರ ಹೆಸರಿಲ್ಲ.

1980ರ ದಶಕದಲ್ಲಿ ಧಾರವಾಡದಲ್ಲಿ ಎಂ.ಎ. ಮುಗಿಸಿ ಗದಗಿಗೆ ಬಂದ ಮೇಲೆ, ಕಾಲೇಜಿನ ವಾರ್ಷಿಕ ಸಂಚಿಕೆಯ ಕರಡು ತಿದ್ದುವುದಕ್ಕೆ ನಾನು ಮುದ್ರಣಾಲಯಗಳಲ್ಲಿ ಸಂಜೆಗಳನ್ನು ಕಳೆದಿದ್ದೇನೆ. ಮೊಳೆ ಜೋಡಿಸುವ ಹಿರಿಯರೊಬ್ಬರು ನನಗಿಂತ ಮೊದಲು ತಪ್ಪು ಹಿಡಿಯುತ್ತಿದ್ದರು. "ಸರ, ಇಲ್ಲಿ ಮಹಾಪ್ರಾಣ ಬೇಕಲ್ರೀ" ಎಂದು ಕಣ್ಣೆತ್ತದೆ ಹೇಳುವರು. ಅವರ ಬೆರಳ ತುದಿಗಳು ಯಾವಾಗಲೂ ಬೂದಿಬಣ್ಣ. ಊಟಕ್ಕೆ ಮೊದಲು ಸಾಬೂನಿನಿಂದ ಮೂರು ಸಲ ಕೈ ತೊಳೆಯುವುದು ಅವರ ವ್ರತವಾಗಿತ್ತು. ಬಾಯಲ್ಲಿ ಮೊಳೆ ಕಚ್ಚಿಕೊಳ್ಳುವ ಹೊಸ ಹುಡುಗರಿಗೆ ಅವರು ಬಯ್ಯುತ್ತಿದ್ದ ಬೈಗಳನ್ನು ಆಕಾಶವಾಣಿಯಲ್ಲಿ ಹೇಳುವಂತಿಲ್ಲ. ಸವೆದ ಮೊಳೆಗಳನ್ನು ಒಂದು ಡಬ್ಬಿಗೆ ಒಗೆಯುತ್ತಿದ್ದರು. ಅವು ಎರಕದ ಮನೆಗೆ ಹೋಗಿ ಹೊಸ ಅಕ್ಷರಗಳಾಗಿ ಬರುತ್ತಿದ್ದವು. ಆಫ್‌ಸೆಟ್ ಬಂದಿತು, ಕಂಪ್ಯೂಟರ್ ಬಂದಿತು. ಅಕ್ಷರಗಳ ಕೇಸುಗಳು ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋದವು. ಕಾಗುಣಿತವನ್ನು ತೂಕಕ್ಕೆ ಹಾಕಿದ್ದನ್ನು ಕಣ್ಣಾರೆ ನೋಡಿದವನು ನಾನು. ಆ ಸೀಸ ಇಂದು ಯಾವ ಬ್ಯಾಟರಿಯ ಹೊಟ್ಟೆಯಲ್ಲಿದೆಯೋ, ಯಾವ ಬಲೆಯ ಅಂಚಿನಲ್ಲಿದೆಯೋ! ಟೈರಿನ ಅಂಗಡಿಯ ಆ ಡಬ್ಬಿಯಲ್ಲಿ ನನ್ನ ಕಾಲದ ಒಂದು ಒತ್ತಕ್ಷರ ಕರಗಿ ಬಿಲ್ಲೆಯಾಗಿ ಕುಳಿತಿರಬಾರದೆಂದೇನೂ ಇಲ್ಲ.

ಆ ಡಬ್ಬಿಯ ವಿಷಯದಲ್ಲಿ ನನ್ನ ಮನಸ್ಸಿಗೆ ಹತ್ತಿದ್ದು ಬೇರೆಯೇ. ಅಂಗಡಿಯ ಹಿತ್ತಲಲ್ಲಿ ಮೂರು ಕಲ್ಲಿನ ಒಲೆ, ಅದರ ಮೇಲೆ ಸೀಸ ಕರಗಿಸಿದ ಕಡಾಯಿ, ಪಕ್ಕದಲ್ಲಿ ಬಳಿದು ಚೆಲ್ಲಿದ ಕಿಟ್ಟದ ಬೂದಿ. ಆ ಬೂದಿಯಿಂದ ನಾಲ್ಕು ಮಾರು ದೂರದಲ್ಲಿ ಅಂಬೆಗಾಲಿಕ್ಕುವ ಒಂದು ಕೂಸು. ಜನ ಸೀಸದ ಹೊಗೆಗೆ ಅಂಜುತ್ತಾರೆ. ಕರಗಿಸುವ ಕಾವಿನಲ್ಲಿ ಸೀಸ ಆವಿಯಾಗುವುದು ಅತ್ಯಲ್ಪ. ಹೆಚ್ಚಿನ ಕೇಡು ಇರುವುದು ಆ ಬೂದಿಯಲ್ಲಿ, ಧೂಳಿನಲ್ಲಿ, ಅದನ್ನು ಮುಟ್ಟಿದ ಕೈಯಲ್ಲಿ. ಅದು ಗಾಳಿಗೆ ಏಳುತ್ತದೆ, ಅಂಗಿಗೆ ಅಂಟುತ್ತದೆ, ಮಗುವಿನ ಬೆರಳಿನಿಂದ ಬಾಯಿಗೆ ಹೋಗುತ್ತದೆ. ದೊಡ್ಡವರ ಹೊಟ್ಟೆಗಿಂತ ಮಗುವಿನ ಹೊಟ್ಟೆ ಸೀಸವನ್ನು ಹೆಚ್ಚು ಹೀರುತ್ತದೆ. ಸುಣ್ಣದ ಅಂಶವೆಂದು ಭ್ರಮಿಸಿ ಮೈ ಅದನ್ನು ಎಲುಬಿನಲ್ಲಿ ಕೂಡಿಡುತ್ತದೆ, ಮಿದುಳಿಗೂ ಬಿಟ್ಟುಕೊಡುತ್ತದೆ. ಜ್ವರ ಬರುವುದಿಲ್ಲ, ಗಾಯ ಕಾಣುವುದಿಲ್ಲ. ಐದಾರು ವರ್ಷ ಕಳೆದ ಮೇಲೆ ಶಾಲೆಯ ಮೇಷ್ಟರು ಈ ಹುಡುಗನಿಗೆ ಅಕ್ಷರ ಹತ್ತುವುದಿಲ್ಲ ಎನ್ನುತ್ತಾರೆ. ಧರ್ಮಸೂತ್ರದ ದಂಡನೆ ಹೊರಗಿನಿಂದ ಕಿವಿ ಮುಚ್ಚುತ್ತಿತ್ತು. ಇದು ಒಳಗಿನಿಂದ ಮುಚ್ಚುತ್ತದೆ.

ರಕ್ತದಲ್ಲಿ ಇಷ್ಟು ಸೀಸವಿದ್ದರೆ ಅಪಾಯವಿಲ್ಲ ಎಂಬ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಯುನಿಸೆಫ್ 2020ರಲ್ಲಿ ಇನ್ನೊಂದು ಸಂಸ್ಥೆಯೊಡನೆ ಪ್ರಕಟಿಸಿದ ವರದಿಯಂತೆ ಜಗತ್ತಿನ ಮೂರು ಮಕ್ಕಳಲ್ಲಿ ಒಂದರ ರಕ್ತದಲ್ಲಿ, ಎಂದರೆ 80 ಕೋಟಿಯಷ್ಟು ಮಕ್ಕಳಲ್ಲಿ, ಗಮನಿಸಲೇಬೇಕಾದಷ್ಟು ಸೀಸವಿದೆ. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ದಕ್ಷಿಣ ಏಷ್ಯಾದವರು. ನಮ್ಮ ದೇಶ 2000ದಲ್ಲಿ ಪೆಟ್ರೋಲಿನಿಂದ ಸೀಸವನ್ನು ಹೊರಹಾಕಿತು. ಬಣ್ಣಗಳಲ್ಲಿ ಅದಕ್ಕೆ ಕಟ್ಟುನಿಟ್ಟಿನ ಮಿತಿ 2017ರ ಕೊನೆಯಿಂದ ಜಾರಿಗೆ ಬಂದಿತು. ಹಳೆಯ ಬ್ಯಾಟರಿಗಳಿಗಾಗಿ 2001ರಲ್ಲೊಮ್ಮೆ, 2022ರಲ್ಲೊಮ್ಮೆ ನಿಯಮಗಳು ಬಂದವು. ಬೆಂಗಳೂರಿನ ಸಂತ ಜಾನ್ ವೈದ್ಯಕೀಯ ಸಂಸ್ಥೆಯಲ್ಲಿ ಸೀಸದ ವಿಷಕ್ಕಾಗಿಯೇ ಒಂದು ರಾಷ್ಟ್ರೀಯ ಕೇಂದ್ರ ಕೆಲಸ ಮಾಡುತ್ತ ಬಂದಿದೆ. ಇಷ್ಟೆಲ್ಲ ಆಗಿಯೂ ಹಿತ್ತಲ ಒಲೆಯವರೆಗೆ ನಿಯಮ ನಡೆದುಬರುವುದಿಲ್ಲ.

ಹುಡುಗನಿಗೆ ನಾನು ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಕರಗಿಸುವ ಕೆಲಸ ಮನೆಯ ಅಂಗಳದಲ್ಲಿ, ಹಿತ್ತಲಲ್ಲಿ ಬೇಡ. ಗಟ್ಟಿ ಮಾಡದೆ ಬಿಲ್ಲೆಯಾಗಿಯೇ ಮಾರಿದರೆ ಒಂದಿಷ್ಟು ಹಣ ಕಡಿಮೆ ಬಂದೀತು, ಬರಲಿ. ಆ ಕಡಾಯಿ ಮತ್ತೆ ಅಡಿಗೆಯ ಮನೆಯ ಹೊಸ್ತಿಲು ದಾಟಬಾರದು. ಬಿದ್ದ ಬೂದಿಯನ್ನು ಒಣಗಿದ್ದಾಗ ಕಸಬರಿಗೆಯಿಂದ ಗುಡಿಸಬಾರದು. ಒದ್ದೆ ಮಾಡಿ ಬಳಿದು, ಮುಚ್ಚಳವಿದ್ದ ಡಬ್ಬಿಗೆ ತುಂಬಿ ಬೇರೆ ಇಡಬೇಕು. ಬಿಲ್ಲೆ ಮುಟ್ಟಿದ ಕೈಯಿಂದ ಬೀಡಿ ಸೇದಬಾರದು, ರೊಟ್ಟಿ ಮುರಿಯಬಾರದು. ಕೂಸನ್ನು ಎತ್ತಿಕೊಳ್ಳುವ ಮೊದಲು ಅಂಗಿ ಬದಲಿಸಬೇಕು. ರೊಟ್ಟಿ ತಿನ್ನುವ ಮಕ್ಕಳ ತಾಟಿನಲ್ಲಿ ಹಾಲು, ಕಾಳು, ಸೊಪ್ಪು ಇದ್ದಷ್ಟೂ ಒಳ್ಳೆಯದು. ಸುಣ್ಣ ಕಬ್ಬಿಣಗಳ ಅಂಶ ಸಾಕಷ್ಟಿದ್ದ ಮೈ ಸೀಸವನ್ನು ಕಡಿಮೆ ಹೀರುತ್ತದೆ. ಸಂಶಯ ಬಂದರೆ ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ.

ಹುಡುಗ ಎಲ್ಲವನ್ನೂ ಕೇಳಿಸಿಕೊಂಡು, "ಆತ್ರೀ ಸರ, ಒಲಿ ತಗಿಸ್ತೀನ್ರೀ" ಎಂದ. ಒಳಗಿನಿಂದ ಅವನ ತಾಯಿ ಬಂದು ಕೂಸನ್ನು ಎತ್ತಿಕೊಂಡು, ಅದರ ಮುಷ್ಟಿಯನ್ನು ಬಿಡಿಸಿ ನೋಡಿದಳು.